ಹಳೆಯ ಔಟ್‌ಬೋರ್ಡ್ ಮೋಟಾರಿನಲ್ಲಿ ಕಿಡಿ ಬರುತ್ತಿಲ್ಲವೇ? ಫ್ಲೈವೀಲ್ ಬಿಚ್ಚಿ ನೋಡೋಣ

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರಿನ ಹಗ್ಗವನ್ನು ಭುಜ ನೋಯುವಷ್ಟು ಎಳೆದಾಯಿತು. ಮೋಟಾರ್ ಒಂದು ಸಲ ಕೆಮ್ಮಲೂ ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಪೆಟ್ರೋಲಿನಲ್ಲಿ ತೊಯ್ದಿದೆ. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಹಳೆಯ ಔಟ್‌ಬೋರ್ಡ್ ಮೋಟಾರ್‌ಗಳ ಕತೆ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಲ್ಲವನ್ನೂ ಒಟ್ಟಿಗೆ ಹೊಸದಾಗಿ ತರಿಸಿಬಿಡೋಣ ಅನಿಸುತ್ತದೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಈಗ ಇಲ್ಲ. ಎಷ್ಟೋ ಮೋಟಾರ್‌ಗಳಿಗೆ ಬೇಕಾಗಿರುವುದು ಎರಡು ಜೋಡಿ ಪಾಯಿಂಟ್‌ಗಳನ್ನು (ಕರೆಂಟ್ ಹರಿಸಿ, ಕಡಿಯುವ ಸಣ್ಣ ಲೋಹದ ಸ್ವಿಚ್) ಉಜ್ಜಿ, ಒರೆಸಿ, ಅವುಗಳ ನಡುವಿನ ಗ್ಯಾಪ್ ಸರಿ ಮಾಡುವುದಷ್ಟೇ. ಅದು ಏಕೆ ಎಂದು ತಿಳಿದರೆ ಉಳಿದ ಕೆಲಸ ಸಲೀಸು.

ನಾನು ಹೇಳುತ್ತಿರುವುದು 1950ರಿಂದ 1970ರ ದಶಕದ ನಡುವಿನವರೆಗೆ ಬಂದ, ಫ್ಲೈವೀಲ್ (ಮೋಟಾರಿನ ಮೇಲ್ಗಡೆ ತಿರುಗುವ ಭಾರದ ಚಕ್ರ) ಅಡಿಯಲ್ಲಿ ಪಾಯಿಂಟ್ ಇರುವ ಎರಡು ಸಿಲಿಂಡರಿನ ಸಣ್ಣ ಮೋಟಾರ್‌ಗಳ ಬಗ್ಗೆ. ಜಾನ್ಸನ್ ಮತ್ತು ಎವಿನ್‌ರೂಡ್ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರು ಎರಡು, ತಯಾರಿಸಿದ ಕಂಪನಿ ಒಂದೇ: ಔಟ್‌ಬೋರ್ಡ್ ಮೆರೀನ್ ಕಾರ್ಪೊರೇಷನ್. ಹಾಗಾಗಿ ಬೇರೆ ಬೇರೆ ಎಚ್‌ಪಿಯ ಎಷ್ಟೋ ಮಾದರಿಗಳಿಗೆ ಒಂದೇ ಕಾಯಿಲ್, ಒಂದೇ ಪಾಯಿಂಟ್ ಆಗುತ್ತದೆ. ಬಿಡಿಭಾಗ ಈಗಲೂ ಸಿಗುವುದಕ್ಕೆ ಇದೂ ಒಂದು ಕಾರಣ. ಬೇರೆ ಕಂಪನಿಯ ಮೋಟಾರ್ ಇದ್ದರೂ ಕ್ರಮ ಇದೇ, ಅಳತೆಗಳನ್ನು ಮಾತ್ರ ಆಯಾ ಮಾದರಿಯ ಸರ್ವಿಸ್ ಪುಸ್ತಕ ನೋಡಿ ತೆಗೆದುಕೊಳ್ಳಿ. ಪಾಯಿಂಟ್ ಇಲ್ಲದ, ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ (ಸಿಡಿಐ) ಇರುವ ಮೋಟಾರ್‌ಗೆ ಈ ಲೇಖನ ಉಪಯೋಗವಿಲ್ಲ.

ಬ್ಯಾಟರಿ ಇಲ್ಲದೆ ಕಿಡಿ ಬರುವುದು ಹೇಗೆ

ಫ್ಲೈವೀಲಿನ ಒಳಗೆ ಗಟ್ಟಿ ಅಯಸ್ಕಾಂತ ಇರುತ್ತದೆ. ಹಗ್ಗ ಎಳೆದಾಗ ಅದು ಕಾಯಿಲಿನ ಕಬ್ಬಿಣದ ಕಾಲುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಕಾಯಿಲಿನಲ್ಲಿ ಎರಡು ಬಗೆಯ ತಂತಿ ಸುತ್ತಿರುತ್ತದೆ. ದಪ್ಪ ತಂತಿಯದ್ದು ಸ್ವಲ್ಪ ಸುತ್ತು, ಕೂದಲಿನಂಥ ತೆಳು ತಂತಿಯದ್ದು ಸಾವಿರಾರು ಸುತ್ತು. ಪಾಯಿಂಟ್ ಮುಚ್ಚಿದ್ದಾಗ ದಪ್ಪ ತಂತಿಯಲ್ಲಿ ಕರೆಂಟ್ ಹರಿಯುತ್ತದೆ. ಸರಿಯಾದ ಕ್ಷಣಕ್ಕೆ ಕ್ಯಾಮ್ (ಕ್ರ್ಯಾಂಕ್ ಜೊತೆ ತಿರುಗುವ, ಒಂದು ಕಡೆ ಉಬ್ಬಿದ ತುಂಡು) ಪಾಯಿಂಟನ್ನು ಬಿಡಿಸುತ್ತದೆ. ಕರೆಂಟ್ ಫಕ್ಕನೆ ನಿಂತಾಗ ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದೇ ಪ್ಲಗ್ಗಿನಲ್ಲಿ ಕಿಡಿಯಾಗಿ ಹಾರುತ್ತದೆ. ಪಾಯಿಂಟ್ ಬಿಡುವಾಗ ಅದರ ನಡುವೆಯೇ ಕಿಡಿ ಹಾರಿ ಕರೆಂಟ್ ಸೋರಿಹೋಗದಂತೆ ನೋಡಿಕೊಳ್ಳುವುದು ಕಂಡೆನ್ಸರ್.

ಈಗ ಯೋಚನೆ ಮಾಡಿ. ಹಗ್ಗ ಎಳೆಯುವ ವೇಗದಲ್ಲಿ ದಪ್ಪ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ತೀರಾ ಕಡಿಮೆ. ಹಿಂದೆ ನಿಂತು ತಳ್ಳಲು ಬ್ಯಾಟರಿಯೂ ಇಲ್ಲ. ಪಾಯಿಂಟಿನ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕೂತರೂ ಸಾಕು, ಕರೆಂಟ್ ಅಲ್ಲೇ ನಿಂತುಬಿಡುತ್ತದೆ. ನಿಂತ ಮೋಟಾರ್ ಕೆಡುವುದು ಹೀಗೆ. ಏನೂ ಮುರಿದಿರುವುದಿಲ್ಲ, ಸುಮ್ನೆ ಕೂತು ಕೂತು ಕೊಳೆ ಹಿಡಿದಿರುತ್ತದೆ.

ಬಿಚ್ಚುವ ಮೊದಲು

ಮೊದಲು ಎರಡೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಒಳಗೆ ಹುಟ್ಟುವ ಒತ್ತಡ, ನೋಡಿ. ಅದು ಸತ್ತಿದ್ದರೆ ಕಿಡಿ ರಿಪೇರಿ ಮಾಡಿ ಪ್ರಯೋಜನವಿಲ್ಲ. ಎರಡರ ನಡುವೆ ವ್ಯತ್ಯಾಸ ಜಾಸ್ತಿ ಇರಬಾರದು.

ಆಮೇಲೆ ಕಿಡಿ ಪರೀಕ್ಷೆ. ಕೆಲಸ ಬಯಲಲ್ಲಿ ಮಾಡಿ, ಪೆಟ್ರೋಲ್ ಟ್ಯಾಂಕ್ ದೂರ ಇಡಿ. ಎರಡೂ ಪ್ಲಗ್ ಬಿಚ್ಚಿದಾಗ ಸಿಲಿಂಡರಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿ ಅದರ ಹತ್ತಿರ ಹಾರಬಾರದು. ಪ್ಲಗ್ ಒರಗಿಸಿ ನೋಡುವುದಕ್ಕಿಂತ ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಒಳ್ಳೆಯದು. ಅದನ್ನು ಸುಮಾರು 6 ಮಿ.ಮೀ.ಗೆ ಇಟ್ಟು ಸಿಲಿಂಡರಿನ ಲೋಹಕ್ಕೆ ಅರ್ತ್ ಮಾಡಿ. ಇನ್ನೊಂದು ಪ್ಲಗ್ ವೈರನ್ನೂ ಲೋಹಕ್ಕೆ ತಾಗಿಸಿಡಿ. ವೈರ್ ಗಾಳಿಯಲ್ಲಿ ನೇತಾಡುತ್ತಿರುವಾಗ ಹಗ್ಗ ಎಳೆದರೆ ಕರೆಂಟ್ ಹೊರಬರಲು ದಾರಿ ಸಿಗದೆ ಕಾಯಿಲಿನ ಒಳಗೇ ದಾರಿ ಮಾಡಿಕೊಳ್ಳುತ್ತದೆ. ಹಳೆಯ ಕಾಯಿಲ್ ಹಾಗೆ ಸಾಯುವುದುಂಟು.

ಜೋರಾಗಿ ಎಳೆಯಿರಿ. ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ 6 ಮಿ.ಮೀ. ದಾಟಿದರೆ ಆ ಸಿಲಿಂಡರ್ ಸರಿ ಇದೆ. ಹಳದಿ, ಬಡಕಲು ಕಿಡಿಯಾದರೆ ಅದು ಕಿಡಿ ಎಂದು ಲೆಕ್ಕಕ್ಕಿಲ್ಲ. ಪ್ಲಗ್ಗಿನ ಸಣ್ಣ ಗ್ಯಾಪಿನಲ್ಲಿ ಬಯಲಲ್ಲಿ ಕಂಡ ಕಿಡಿ, ಸಿಲಿಂಡರಿನ ಒತ್ತಡದಲ್ಲಿ ಹಾರದೇ ಇರಬಹುದು.

ಇಂಥ ಮೋಟಾರ್‌ನಲ್ಲಿ ಪ್ರತಿ ಸಿಲಿಂಡರಿಗೆ ಬೇರೆಯೇ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಇರುತ್ತದೆ. ಇದು ನಮಗೆ ದೊಡ್ಡ ಅನುಕೂಲ. ಒಂದರಲ್ಲಿ ಕಿಡಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಕೆಲಸ ಮಾಡುವ ಕಡೆಯ ಭಾಗವನ್ನು ಈ ಕಡೆ ಹಾಕಿ ನೋಡಬಹುದು. ಎರಡರಲ್ಲೂ ಇಲ್ಲದಿದ್ದರೆ ಎರಡೂ ಪಾಯಿಂಟಿಗೆ ಕೊಳೆ ಹಿಡಿದಿರಬೇಕು, ಅಥವಾ ಸ್ಟಾಪ್ ಸ್ವಿಚ್ಚಿನ ವೈರ್ ಎಲ್ಲೋ ಅರ್ತ್ ಆಗಿರಬೇಕು. ಸ್ಟಾಪ್ ಸ್ವಿಚ್ ಇರುವ ಮಾದರಿಯಾದರೆ ಅದರ ವೈರ್ ಕಳಚಿ ಇನ್ನೊಮ್ಮೆ ಎಳೆದು ನೋಡಿ. ಅಷ್ಟಕ್ಕೇ ಕಿಡಿ ಬಂದರೆ ಫ್ಲೈವೀಲ್ ಮುಟ್ಟುವ ಕೆಲಸವೇ ಇರುವುದಿಲ್ಲ.

ಫ್ಲೈವೀಲ್ ಬಿಚ್ಚುವುದು

ಜನ ಮೋಟಾರ್ ಹಾಳು ಮಾಡಿಕೊಳ್ಳುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನ.

ಹಗ್ಗದ ಸ್ಟಾರ್ಟರ್ ಜೋಡಣೆ ತೆಗೆದರೆ ನಡುವೆ ದೊಡ್ಡ ನಟ್ ಕಾಣುತ್ತದೆ. ಫ್ಲೈವೀಲ್ ತಿರುಗದಂತೆ ಪಟ್ಟಿಯ ರೆಂಚಿನಿಂದ ಹಿಡಿದು ನಟ್ ಸಡಿಲಿಸಿ. ಕೆಲವರು ಪ್ಲಗ್ ತೂತಿನಲ್ಲಿ ಹಗ್ಗ ತುರುಕಿ ಪಿಸ್ಟನ್ ತಡೆಯುತ್ತಾರೆ. ಟೂ-ಸ್ಟ್ರೋಕಿನಲ್ಲಿ ಸಿಲಿಂಡರಿನ ಗೋಡೆಯಲ್ಲೇ ಪೋರ್ಟುಗಳು, ಅಂದರೆ ಗಾಳಿ, ಹೊಗೆ ಹಾದುಹೋಗುವ ಕಿಂಡಿಗಳು, ಇರುತ್ತವೆ. ಹಗ್ಗ ಅದಕ್ಕೆ ಸಿಕ್ಕಿಕೊಂಡರೆ ಇನ್ನೊಂದು ರಿಪೇರಿ ತಲೆಗೆ ಬರುತ್ತದೆ. ಬೇಡ.

ನಟ್ಟನ್ನು ಪೂರ್ತಿ ತೆಗೆಯಬೇಡಿ. ಅದರ ಮೇಲ್ಮೈ ಕ್ರ್ಯಾಂಕಿನ (ಫ್ಲೈವೀಲ್ ಕೂತಿರುವ ದಂಡ) ತುದಿಗೆ ಸಮವಾಗುವಷ್ಟು ಮಾತ್ರ ಬಿಡಿಸಿ. ಫ್ಲೈವೀಲನ್ನು ಎಳೆದು ತೆಗೆಯುವ ಪುಲ್ಲರಿನ ಒತ್ತಡಕ್ಕೆ ಕ್ರ್ಯಾಂಕಿನ ಮರೆ (ನಟ್ ಕೂರುವ ತಿರುಪಿನ ಗೆರೆ) ಕೆಡದಂತೆ ಅದು ಕಾಯುತ್ತದೆ. ಫ್ಲೈವೀಲಿನ ಮೇಲೆ ಮೂರು ಮರೆ ಇರುವ ತೂತು ಕಾಣುತ್ತವೆ. ಮೂರು ಬೋಲ್ಟಿನ ಪುಲ್ಲರ್ ಅದಕ್ಕೇ. ಬೋಲ್ಟ್ ಉದ್ದ ಜಾಸ್ತಿಯಿದ್ದರೆ ಕೆಳಗೆ ಇಳಿದು ಕಾಯಿಲಿಗೆ ಕುಟ್ಟುತ್ತದೆ, ಆದ್ದರಿಂದ ಕೆಲವೇ ಸುತ್ತು ಹಾಕಿ. ಅಂಚಿಗೆ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ ಬೇಡವೇ ಬೇಡ, ಫ್ಲೈವೀಲ್ ಸೊಟ್ಟಗಾಗುತ್ತದೆ. ಅಂಚಿನಡಿ ಸ್ಕ್ರೂಡ್ರೈವರ್ ತೂರಿಸಿ ಮೀಟುವುದೂ ಹಾಗೇ.

ಪುಲ್ಲರಿನ ನಡುವಿನ ಬೋಲ್ಟ್ ಬಿಗಿ ಮಾಡಿ. ಅಲ್ಲಾಡದಿದ್ದರೆ ಇನ್ನಷ್ಟು ಬಿಗಿ ಮಾಡುವ ಬದಲು ಆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದು ಚುರುಕು ಏಟು ಕೊಡಿ. ಕ್ರ್ಯಾಂಕಿಗಲ್ಲ, ಫ್ಲೈವೀಲಿಗೂ ಅಲ್ಲ. ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಮೊದಲ ಸಲ ಆ ಸದ್ದಿಗೆ ಏನೋ ಮುರಿಯಿತು ಅಂದುಕೊಂಡು ಎದೆ ಧಸಕ್ಕೆನ್ನುತ್ತದೆ, ಹೆದರಬೇಡಿ. ಬಿಚ್ಚಿದ ಫ್ಲೈವೀಲನ್ನು ನೆಲಕ್ಕೆ ಬೀಳಿಸಬೇಡಿ. ಅಯಸ್ಕಾಂತ ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಚೊಕ್ಕ ಬಟ್ಟೆಯ ಮೇಲಿಡಿ. ಫ್ಲೈವೀಲನ್ನು ಸರಿಯಾದ ಜಾಗಕ್ಕೆ ಕೂರಿಸುವ ಸಣ್ಣ ಲೋಹದ ತುಂಡನ್ನು, ಅಂದರೆ ಕ್ರ್ಯಾಂಕಿನ ಕೀಯನ್ನು, ತೆಗೆದು ಜೋಪಾನ ಮಾಡಿ. ಅದು ಅರ್ಧ ಕತ್ತರಿಸಿದಂತೆ ಕಂಡರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಯಾಕೆ ಕೆಟ್ಟಿತು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಇನ್ನು ಏನನ್ನೂ ಮುಟ್ಟುವ ಮೊದಲು ನಾಲ್ಕು ಫೋಟೊ ತೆಗೆದುಕೊಳ್ಳಿ. ಯಾವ ವೈರ್ ಯಾವುದರ ಕೆಳಗೆ ಹಾದುಹೋಗಿತ್ತು ಎನ್ನುವುದು ನಾಳೆ ನೆನಪಿರುವುದಿಲ್ಲ.

ಕಣ್ಣಿಗೆ ಕಾಣುವ ರೋಗಗಳು

ಕಾಯಿಲಿನ ಮೈ ನೋಡಿ. 1950ರ ದಶಕದ ಕಾಯಿಲ್‌ಗಳ ಹೊರಕವಚ ಕಾಲ ಕಳೆದಂತೆ ಸೀಳುತ್ತದೆ. ಸೀಳಿದ ಕಾಯಿಲ್ ತೇವ ಹೀರುತ್ತದೆ. ಇವತ್ತು ಕಿಡಿ ಕೊಟ್ಟರೂ ನಾಳೆ ಕೈಕೊಡುತ್ತದೆ. ಅಂಥದ್ದನ್ನು ಬದಲಿಸಿ, ಅಂಟು ಬಳಿದು ಉಳಿಸಲು ಹೋಗಬೇಡಿ. ಒಂದು ಸೀಳಿದ್ದರೆ ಅದರ ಜೋಡಿಯೂ ಅದೇ ವಯಸ್ಸಿನದು ಅಲ್ವಾ? ಎರಡನ್ನೂ ಒಟ್ಟಿಗೆ ಬದಲಿಸುವುದು ವಾಸಿ.

ಪಾಯಿಂಟ್ ಸುತ್ತ ಎಣ್ಣೆ ಜಿನುಗಿದ್ದರೆ ಕ್ರ್ಯಾಂಕಿನ ಮೇಲಿನ ಸೀಲ್ ಸೋರುತ್ತಿದೆ. ಕಾಯಿಲ್, ಪಾಯಿಂಟ್ ಕೂತಿರುವ ಪ್ಲೇಟನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಥ್ರಾಟಲ್ ಜೊತೆ ಅದು ತಿರುಗಲೇಬೇಕು, ಟೈಮಿಂಗ್ ಮುಂದೆ ಹಿಂದೆ ಆಗುವುದು ಹಾಗೆಯೇ. ಆದರೆ ಪಕ್ಕಕ್ಕೆ ಲಡಲಡ ಅಂದರೆ ನೀವು ಇಟ್ಟ ಗ್ಯಾಪ್ ಓಡುವಾಗ ಉಳಿಯುವುದಿಲ್ಲ.

ಪಾಯಿಂಟ್ ಶುಚಿ

ಪಾಯಿಂಟಿನ ಮುಖದಲ್ಲಿ ಗುಳಿ ಬಿದ್ದು, ಎದುರಿನ ಮುಖದಲ್ಲಿ ಗುಡ್ಡೆ ಎದ್ದಿದ್ದರೆ ಹೊಸದು ಹಾಕಿ, ಜೊತೆಗೆ ಕಂಡೆನ್ಸರನ್ನೂ ಬದಲಿಸಿ. ಅಂಥ ಗುಳಿ ಬೀಳುವುದು ಸಾಮಾನ್ಯವಾಗಿ ಕಂಡೆನ್ಸರ್ ಸೋತಾಗಲೇ. ಬರೀ ಮಸುಕಾಗಿದ್ದರೆ ಶುಚಿ ಮಾಡಿದರೆ ಸಾಕು.

400 ಅಥವಾ 600 ನಂಬರಿನ ಎಮರಿ ಪೇಪರಿನ ಪಟ್ಟಿಯನ್ನು ಮಡಚಿ, ಎರಡೂ ಕಡೆ ಉಜ್ಜುವಂತೆ ಮಾಡಿ ಪಾಯಿಂಟ್ ನಡುವೆ ಎಳೆಯಿರಿ. ಲೋಹ ಹೊಳೆದರೆ ನಿಲ್ಲಿಸಿ, ತೇಯುತ್ತಾ ಕೂರಬೇಡಿ. ನಂತರ ಪೇಪರಿನ ಪುಡಿ ಹೋಗಬೇಕು. ಬಿಳಿ ಕಾಗದದ ಪಟ್ಟಿಯನ್ನು ಥಿನ್ನರ್ ಅಥವಾ ಸ್ಪಿರಿಟ್‌ನಲ್ಲಿ ಅದ್ದಿ ನಡುವೆ ಎಳೆಯಿರಿ, ಪಟ್ಟಿ ಕಪ್ಪಾಗುತ್ತದೆ. ಇನ್ನೊಂದು ಎಳೆಯಿರಿ. ಪಟ್ಟಿ ಬಿಳಿಯಾಗಿಯೇ ಹೊರಬರುವ ತನಕ ಇದೇ ಕೆಲಸ. ಹೊಸ ಪಾಯಿಂಟಿಗೂ ಇದು ತಪ್ಪದು, ತುಕ್ಕು ಹಿಡಿಯದಿರಲೆಂದು ಅದರ ಮೇಲೆ ಎಣ್ಣೆಯ ಪದರ ಬಳಿದು ಕಳಿಸಿರುತ್ತಾರೆ.

ಒಮ್ಮೆ ಒಂದು ಸಂಜೆಯೆಲ್ಲ ನಾನು ಇದರಲ್ಲೇ ಕಳೆದೆ. ಪಾಯಿಂಟ್ ಹೊಸದು, ಕಾಯಿಲ್ ಹೊಸದು, ಗ್ಯಾಪ್ ಕರಾರುವಾಕ್ಕು, ಆದರೂ ಕಿಡಿ ಇಲ್ಲ. ಮೂರು ಸಲ ಫ್ಲೈವೀಲ್ ಹಾಕಿ ತೆಗೆದೆ. ಕೊನೆಗೆ ನೋಡಿದರೆ ತಪ್ಪು ಗ್ಯಾಪ್ ಅಳೆಯುವ ತೆಳು ಲೋಹದ ಎಲೆಗಳ ಫೀಲರ್ ಗೇಜಿನದು. ಅದರ ಎಲೆಗಳಿಗೆ ತುಕ್ಕು ಹಿಡಿಯಬಾರದೆಂದು ನಾನೇ ಎಣ್ಣೆ ಹಚ್ಚಿಟ್ಟಿದ್ದೆ. ಗ್ಯಾಪ್ ಅಳೆಯುವಾಗಲೆಲ್ಲ ಒರೆಸಿದ ಪಾಯಿಂಟಿಗೆ ಮತ್ತೆ ಎಣ್ಣೆ ಬಳಿಯುತ್ತಿದ್ದೆ! ಅಂದಿನಿಂದ ಗ್ಯಾಪ್ ಇಟ್ಟ ಮೇಲೆ ಬಿಳಿ ಪಟ್ಟಿಯನ್ನು ಇನ್ನೊಮ್ಮೆ ಎಳೆಯದೆ ಫ್ಲೈವೀಲ್ ಹಾಕುವುದಿಲ್ಲ.

ಕಾಯಿಲ್, ಕಂಡೆನ್ಸರ್, ವೈರ್

ಮಲ್ಟಿಮೀಟರಿನಲ್ಲಿ ಕಾಯಿಲಿನ ದಪ್ಪ ತಂತಿ ಒಂದೆರಡು ಓಮ್‌ಗಿಂತ ಕಡಿಮೆ ತೋರಿಸಬೇಕು. ಪ್ಲಗ್ ವೈರಿನಿಂದ ಅರ್ತಿಗೆ ಅಳೆದರೆ ಕೆಲವು ಸಾವಿರ ಓಮ್ ಬರಬೇಕು. ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ, ಅಥವಾ ಪ್ಲಗ್ ವೈರ್ ಕಾಯಿಲಿನ ಮೊಳೆಗೆ ಕೂತಿಲ್ಲ. ಮೀಟರ್ ಪಾಸ್ ಮಾಡಿದ ಕಾಯಿಲ್ ಎಲ್ಲವೂ ಒಳ್ಳೆಯದಲ್ಲ ಅನ್ನುವುದು ನೆನಪಿರಲಿ. ಮೀಟರಿನ ಬ್ಯಾಟರಿ ಎಲ್ಲಿ, ಸಾವಿರಾರು ವೋಲ್ಟ್ ಎಲ್ಲಿ.

ಕಂಡೆನ್ಸರ್ ಸುಮಾರು 0.2 ಮೈಕ್ರೊಫ್ಯಾರಡ್ ಇರುತ್ತದೆ. ಕೆಪಾಸಿಟಿ ಅಳೆಯುವ ಮೀಟರ್ ಇದ್ದರೆ ವೈರ್ ಕಳಚಿ ಅಳೆಯಿರಿ.

ಕಾಯಿಲ್ ಬದಲಿಸುವಾಗ ಒಂದು ಅಳತೆ ತಪ್ಪಬಾರದು. ಕಾಯಿಲಿನ ಕಬ್ಬಿಣದ ಮೂರು ಕಾಲುಗಳ ತುದಿ, ಪ್ಲೇಟಿನಲ್ಲಿ ಅದಕ್ಕೆಂದೇ ಕಡೆದ ಉಬ್ಬುಗಳ ಅಂಚಿಗೆ ಸಮ ಇರಬೇಕು. ಬೆರಳು ಸವರಿದರೆ ಮೆಟ್ಟಿಲು ತಾಗಬಾರದು. ಹೊರಗೆ ಚಾಚಿದರೆ ಅಯಸ್ಕಾಂತಕ್ಕೆ ಉಜ್ಜುತ್ತದೆ, ಒಳಗೆ ಸರಿದರೆ ಕಿಡಿ ಬಡವಾಗುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಕಾಯಿಲ್ ಸ್ವಲ್ಪ ಜರುಗುತ್ತದೆ, ಹಾಗಾಗಿ ಬಿಗಿಯಾದ ಮೇಲೂ ಒಮ್ಮೆ ಸವರಿ ನೋಡಿ. ಕಾಲಿನ ಕೆಳಗೆ ತುಕ್ಕಿದ್ದರೆ ಕೆರೆದು ತೆಗೆಯಿರಿ, ಅರ್ತ್ ಅಲ್ಲಿಂದಲೇ ಸಿಗುವುದು.

ಪ್ಲಗ್ ವೈರ್ 7 ಮಿ.ಮೀ. ದಪ್ಪದ, ಒಳಗೆ ಲೋಹದ ಎಳೆ ಇರುವುದೇ ಆಗಬೇಕು. ಹೊಸ ಕಾರುಗಳ ಕಾರ್ಬನ್ ವೈರ್ ಇಲ್ಲಿ ನಡೆಯುವುದಿಲ್ಲ. ಕಾಯಿಲಿನ ಒಳಗಿರುವ ಚೂಪಾದ ಮೊಳೆ ಲೋಹದ ಎಳೆಗಳ ನಡುವೆ ಚುಚ್ಚಿಕೊಳ್ಳಬೇಕು. ಅದು ರಬ್ಬರಿಗೆ ಚುಚ್ಚಿದ್ದರೆ ನೋಡಲು ಎಲ್ಲ ಸರಿ, ಕಿಡಿ ಮಾತ್ರ ಇಲ್ಲ. ವೈರ್ ಹಾಕಿ ಮೀಟರಿನಲ್ಲಿ ಇನ್ನೊಮ್ಮೆ ಅಳೆದರೆ ಅನುಮಾನ ಹೋಗುತ್ತದೆ. ಪ್ಲೇಟ್ ತಿರುಗುವುದರಿಂದ ವೈರಿಗೆ ಸ್ವಲ್ಪ ಸಡಿಲ ಬಿಡಿ, ಆದರೆ ಅದು ಮೇಲೆದ್ದು ಫ್ಲೈವೀಲಿಗೆ ಸವರದಂತೆ ಕ್ಲಿಪ್ಪಿನಲ್ಲಿ ಹಿಡಿದಿಡಿ.

ಗ್ಯಾಪ್ ಇಡುವುದು

ಫ್ಲೈವೀಲ್ ನಟ್ಟನ್ನು ಹಾಗೇ ಹಾಕಿಕೊಂಡು, ಅದರಿಂದ ಕ್ರ್ಯಾಂಕ್ ತಿರುಗಿಸಿ. ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಮಾತ್ರ. ಹಿಂದಕ್ಕೆ ತಿರುಗಿಸಿದರೆ ನೀರಿನ ಪಂಪಿನ ರಬ್ಬರ್ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕ್ಯಾಮಿನ ಎತ್ತರದ ಜಾಗ ಪಾಯಿಂಟಿನ ಉಜ್ಜುವ ತುಂಡಿಗೆ ಬಂದಾಗ ನಿಲ್ಲಿಸಿ, ಗ್ಯಾಪ್ 0.5 ಮಿ.ಮೀ. ಇಡಿ. ಹಳೆಯ ಪುಸ್ತಕಗಳಲ್ಲಿ ಇದು 0.020 ಇಂಚು ಎಂದಿರುತ್ತದೆ. ಫೀಲರ್ ಎಲೆ ಸ್ವಲ್ಪ ಹಿಡಿದುಕೊಂಡಂತೆ ಜಾರಬೇಕು. ಸ್ಕ್ರೂ ಬಿಗಿ ಮಾಡಿ ಮತ್ತೆ ಅಳೆಯಿರಿ, ಬಿಗಿಯುವಾಗ ಗ್ಯಾಪ್ ಬದಲಾಗುವುದು ಇದರ ಚಾಳಿ. ಕ್ಯಾಮ್ ತೆಗೆದಿದ್ದರೆ, ಅದರ ಮೇಲೆ ಟಾಪ್ ಎಂದು ಅಚ್ಚಾಗಿದ್ದರೆ ಆ ಮುಖ ಮೇಲೆ ಬರಲಿ.

ಇಷ್ಟು ಮಾಡಿದರೂ ಮೋಟಾರ್ ಓಡುತ್ತದೆ. ಆದರೆ ನನಗೆ ಫೀಲರಿನ ಮೇಲೆ ಪೂರ್ತಿ ನಂಬಿಕೆ ಇಲ್ಲ. ಸವೆದ ಪಾಯಿಂಟಿನ ಗುಳಿಯನ್ನು ಚಪ್ಪಟೆ ಎಲೆ ಅಳೆಯಲಾರದು. ಮುಖ್ಯವಾದದ್ದು ಪಾಯಿಂಟ್ ಬಿಡುವ ಕ್ಷಣ. ಅದನ್ನು ಮೀಟರಿನ ಬೀಪ್‌ನಿಂದ ಹಿಡಿಯಬಹುದು. ಪಾಯಿಂಟಿನಿಂದ ಕಾಯಿಲ್ ಮತ್ತು ಕಂಡೆನ್ಸರಿನ ವೈರ್ ಕಳಚಿ. ಕಳಚದಿದ್ದರೆ ಕಾಯಿಲಿನ ದಪ್ಪ ತಂತಿಯ ಮೂಲಕವೇ ಮೀಟರ್ ಸದಾ ಬೀಪ್ ಅನ್ನುತ್ತಿರುತ್ತದೆ. ಮೀಟರಿನ ಒಂದು ವೈರ್ ಪಾಯಿಂಟಿಗೆ, ಇನ್ನೊಂದು ಪ್ಲೇಟಿಗೆ. ಕೀ ಹಾಕಿ ಫ್ಲೈವೀಲನ್ನು ಸುಮ್ನೆ ಮೇಲೆ ಕೂರಿಸಿ ನಿಧಾನ ತಿರುಗಿಸಿ. ಫ್ಲೈವೀಲಿನ ಅಂಚಿನ ಗುರುತು ಪ್ಲೇಟಿನ ಗುರುತಿಗೆ ಬರುವ ಹೊತ್ತಿಗೆ ಬೀಪ್ ನಿಲ್ಲಬೇಕು. ಬೇಗ ನಿಂತರೆ ಗ್ಯಾಪ್ ಜಾಸ್ತಿ, ತಡವಾಗಿ ನಿಂತರೆ ಕಡಿಮೆ. ಫ್ಲೈವೀಲ್ ಎತ್ತಿ, ಗ್ಯಾಪ್ ಸ್ವಲ್ಪ ಹೊಂದಿಸಿ, ಮತ್ತೆ ಕೂರಿಸಿ. ಬೇಜಾರಿನ ಕೆಲಸ ಹೌದು. ಆದರೆ ಎರಡು ಸಿಲಿಂಡರಿನ ಕಿಡಿ ಸರಿಯಾಗಿ 180 ಡಿಗ್ರಿ ಅಂತರದಲ್ಲಿ ಬಿದ್ದರೆ ಕಡಿಮೆ ವೇಗದಲ್ಲಿ ಮೋಟಾರ್ ಗುನುಗುವ ರೀತಿಯೇ ಬೇರೆ.

ವೈರ್‌ಗಳನ್ನು ಮರಳಿ ಹಾಕುವಾಗ ಅವುಗಳ ತುದಿ ಪ್ಲೇಟಿಗೆ ತಾಗದಂತೆ ನೋಡಿ. ಕ್ಯಾಮಿಗೆ ಉಜ್ಜುವ ಫೆಲ್ಟ್ ತುಂಡಿಗೆ ಒಂದೇ ಒಂದು ಹನಿ ಎಣ್ಣೆ. ಎರಡು ಹನಿ ಹಾಕಿದರೆ ಎರಡನೆಯದು ಪಾಯಿಂಟಿಗೆ ಹೋಗುತ್ತದೆ.

ಮರುಜೋಡಣೆ

ಕ್ರ್ಯಾಂಕಿನ ಇಳಿಜಾರು ಮೈ ಮತ್ತು ಫ್ಲೈವೀಲಿನ ಒಳಮೈಯನ್ನು ಥಿನ್ನರಿನಿಂದ ಒರೆಸಿ ಒಣಗಿಸಿ. ಮುಂದಿನ ಸಲ ಸುಲಭವಾಗಿ ಬರಲಿ ಎಂದು ಎಣ್ಣೆ, ಗ್ರೀಸ್ ಹಚ್ಚಬೇಡಿ. ಫ್ಲೈವೀಲನ್ನು ಹಿಡಿದಿಡುವುದು ಆ ಒಣ ಮೈಗಳ ಬಿಗಿತ, ಕೀ ಅಲ್ಲ. ಬಿಗಿತ ಇಲ್ಲದಿದ್ದರೆ ಕೀ ಒಂದೇ ಏಟಿಗೆ ಕತ್ತರಿಸುತ್ತದೆ. ಈ ಮೋಟಾರ್‌ಗಳಲ್ಲಿ ಕೀಯ ಹೊರ ಅಂಚು ಇಳಿಜಾರಿಗೆ ಅಲ್ಲ, ಕ್ರ್ಯಾಂಕಿನ ನಡುಗೆರೆಗೆ ಸಮಾನಾಂತರವಾಗಿ ಕೂರಬೇಕು.

ಫ್ಲೈವೀಲ್ ಇಟ್ಟು ಕೈಯಿಂದ ತಿರುಗಿಸಿ ಕಿವಿಗೊಡಿ. ಕರಕರ ಸದ್ದು ಬಂದರೆ ಕಾಯಿಲಿನ ಕಾಲು ತಾಗುತ್ತಿದೆ. ಸದ್ದಿಲ್ಲದಿದ್ದರೆ ನಟ್ ಬಿಗಿ ಮಾಡಿ, ಟಾರ್ಕ್ ರೆಂಚಿನಲ್ಲೇ ಮಾಡಿ. ಜಾನ್ಸನ್, ಎವಿನ್‌ರೂಡ್‌ನ 5.5ರಿಂದ 10 ಎಚ್‌ಪಿ ಮೋಟಾರ್‌ಗಳಿಗೆ 40ರಿಂದ 45 ಫುಟ್-ಪೌಂಡ್, ಅಂದರೆ 54ರಿಂದ 61 ನ್ಯೂಟನ್-ಮೀಟರ್. ದೊಡ್ಡ ಮೋಟಾರ್‌ಗಳಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ನಂತರ ಮೊದಲಿನಂತೆಯೇ 6 ಮಿ.ಮೀ. ಕಿಡಿ ಪರೀಕ್ಷೆ. ಎರಡೂ ಕಡೆ ನೀಲಿ ಕಿಡಿ ಬಂದರೆ ಹೊಸ ಪ್ಲಗ್ ಹಾಕಿ. ಹಲವು ಮಾದರಿಗಳಿಗೆ ಚಾಂಪಿಯನ್ ಜೆ6ಸಿ, 0.030 ಇಂಚು ಅಥವಾ 0.75 ಮಿ.ಮೀ. ಗ್ಯಾಪಿನಲ್ಲಿ ಆಗುತ್ತದೆ.

ಓಡಿಸಿ ನೋಡುವುದು

ನೀರಿಲ್ಲದೆ ಐದು ಸೆಕೆಂಡ್ ಕೂಡ ಓಡಿಸಬೇಡಿ, ಪಂಪಿನ ರಬ್ಬರ್ ಸುಟ್ಟುಹೋಗುತ್ತದೆ. ಮೋಟಾರನ್ನು ದೊಡ್ಡ ಡ್ರಮ್ಮಿಗೆ ಸಿಕ್ಕಿಸಿ, ಪ್ರೊಪೆಲ್ಲರಿನ ಮೇಲಿರುವ ಅಡ್ಡ ರೆಕ್ಕೆ ಮುಳುಗುವಷ್ಟು ನೀರು ತುಂಬಿಸಿ.

ಶುರುವಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಲಿ. ಎರಡು ನಿಮಿಷಕ್ಕೆ ಖುಷಿಪಟ್ಟು ಮುಚ್ಚಳ ಹಾಕಬೇಡಿ. ಸೋತ ಕಾಯಿಲ್ ತಣ್ಣಗಿರುವಾಗ ಚೆನ್ನಾಗಿಯೇ ಇರುತ್ತದೆ, ಬಿಸಿಯಾದಾಗ ಕಿಡಿ ನಿಲ್ಲಿಸುತ್ತದೆ. ಹಾಗೆ ಮೋಟಾರ್ ನಡುವೆ ನಿಂತುಹೋದರೆ ಆ ಕ್ಷಣವೇ, ಬಿಸಿ ಆರುವ ಮೊದಲೇ, ಎರಡೂ ಕಡೆ ಕಿಡಿ ಪರೀಕ್ಷೆ ಮಾಡಿ. ಒಂದರಲ್ಲಿ ಕಿಡಿ ಇಲ್ಲದೆ, ಅರ್ಧ ಗಂಟೆ ಬಿಟ್ಟು ನೋಡಿದಾಗ ಮತ್ತೆ ಬಂದಿದ್ದರೆ ಆ ಕಡೆಯ ಕಾಯಿಲ್ ಅಥವಾ ಕಂಡೆನ್ಸರ್ ಹೋಗಿದೆ. ಕಂಡೆನ್ಸರ್ ಅಗ್ಗ, ಮೊದಲು ಅದನ್ನು ಬದಲಿಸಿ ಇನ್ನೊಮ್ಮೆ ಬಿಸಿ ಮಾಡಿ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದು ಎಂದು ಗೊತ್ತಾಗದೆ, ಒಳ್ಳೆಯದನ್ನೂ ಎಸೆದಿರುತ್ತೀರಿ.

ಓಡಿ ಕೆಲವು ವಾರವಾದ ಮೇಲೆ ಕಿಡಿ ಮತ್ತೆ ಬಡವಾದರೆ ಫ್ಲೈವೀಲ್ ತೆಗೆದು ಪಾಯಿಂಟ್ ನೋಡಿ. ಎಣ್ಣೆ ಕಂಡರೆ ಒರೆಸಿ ಮುಚ್ಚಿಡಬೇಡಿ, ಇನ್ನು ಕ್ರ್ಯಾಂಕಿನ ಮೇಲಿನ ಸೀಲ್ ಬದಲಿಸಲೇಬೇಕು.